ಹೆಸರು ಬರೆದಿಟ್ಟುಕೊಳ್ಳುವ ವಿಜ್ಞಾನ

2012ರ ನವೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಜನ ಬೀದಿಗಿಳಿದಿದ್ದರು. ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿದ್ದಾಗ, ಅಣುತ್ಯಾಜ್ಯವನ್ನು ತಂದು ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನ ಪಾಳುಗಣಿಗಳಲ್ಲಿ ಹೂಳುತ್ತಾರೆಂಬ ಸುದ್ದಿ ಹಬ್ಬಿತ್ತು. ಅಂಥ ಯೋಜನೆಯೇ ಇಲ್ಲ ಎಂದು ಅಣುಶಕ್ತಿ ಇಲಾಖೆ ಸ್ಪಷ್ಟಪಡಿಸಿತು. ಸುದ್ದಿಗೊಂದು ಹಳೆಯ ಬೇರಂತೂ ಇತ್ತು. 1980ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಇಲ್ಲಿನ ಗಣಿಯೊಂದರಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ ವಿದ್ಯುತ್ ಹೀಟರ್‌ಗಳನ್ನಿಟ್ಟು, ಕಾದ ಬಂಡೆ ಹೇಗೆ ವರ್ತಿಸುತ್ತದೆಂದು ಎಂಟು ವರ್ಷ ಅಳೆದಿದ್ದರು. ವಿಕಿರಣಶೀಲ ವಸ್ತುವನ್ನು ಅಲ್ಲಿ ಬಳಸಿರಲಿಲ್ಲ.

ಹಾಗೆಂದು ಜನರ ಆ ಭಯವನ್ನು ಅಜ್ಞಾನವೆಂದು ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ. ತಡವಾಗಿ ಬರುವ ಕಾಯಿಲೆ ಎಂದರೇನೆಂದು ಈ ನೆಲ ಕಂಡಿದೆ. ಬಿಳಿಕಲ್ಲು ಕೊರೆಯುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ನಿಂತು, ಹತ್ತಿಪ್ಪತ್ತು ವರ್ಷಗಳಲ್ಲಿ ಅದನ್ನು ಗಟ್ಟಿಯಾಗಿಸುತ್ತದೆ. ಅದೇ ಸಿಲಿಕೋಸಿಸ್. 1940ರ ದಶಕದಲ್ಲಿ ಇಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಅದು ಕಂಡಿತು. ಗಣಿ ಶುರುವಾಗಿ ಆಗಲೇ ಅರ್ಧ ಶತಮಾನ ಕಳೆದಿತ್ತು. ಅದಕ್ಕೂ ಮುಂಚೆ ಕೆಮ್ಮುತ್ತಲೇ ತಮಿಳು, ತೆಲುಗು ಸೀಮೆಯ ತಮ್ಮ ಹಳ್ಳಿಗಳಿಗೆ ಮರಳಿದವರು ಈ ಲೆಕ್ಕದಲ್ಲಿಲ್ಲ.

ಲೆಕ್ಕದಿಂದ ಜಾರಿಹೋಗುವ ಇಂಥವರೇ ಅಣು ಅಪಘಾತದ ಅಧ್ಯಯನಕ್ಕೂ ಬಹುದೊಡ್ಡ ತೊಡಕು. ವಿಕಿರಣದಿಂದ ಬಂದ ಕ್ಯಾನ್ಸರಿಗೆ ಪ್ರತ್ಯೇಕ ಗುರುತಿಲ್ಲ. ನೂರು ಜನರ ಮೈಗೆ ತಲಾ 100 ಮಿಲಿಸೀವರ್ಟ್ ವಿಕಿರಣ ತಗುಲಿದರೆ ಅವರ ಜೀವಮಾನದಲ್ಲಿ ಸುಮಾರು ಒಂದು ಹೆಚ್ಚುವರಿ ಕ್ಯಾನ್ಸರ್ ಬರಬಹುದೆಂದು ಅಮೆರಿಕದ ತಜ್ಞರ ಸಮಿತಿಯೊಂದು ಅಂದಾಜಿಸಿದೆ. ಅಲ್ಲಿ ಅದೇ ನೂರರಲ್ಲಿ ಸುಮಾರು 42 ಮಂದಿಗೆ ಬೇರೆ ಕಾರಣಗಳಿಂದಲೇ ಕ್ಯಾನ್ಸರ್ ಬರುತ್ತದೆ. ಆ ನಲವತ್ತಮೂರನೆಯವರು ಯಾರೆಂದು ಯಾವ ವೈದ್ಯರೂ ಬೊಟ್ಟು ಮಾಡಿ ತೋರಿಸಲಾರರು. ಅವರು ಇದ್ದಾರೆಂದು ತಿಳಿಯಬೇಕಾದರೆ ಬಹಳ ಜನರನ್ನು ಬಹಳ ಕಾಲ, ಒಬ್ಬರೂ ತಪ್ಪದಂತೆ ಹಿಂಬಾಲಿಸಬೇಕು. ಅಣುಬಾಂಬ್ ಬಿದ್ದ ಹಿರೋಶಿಮಾ, ನಾಗಸಾಕಿಗಳಲ್ಲಿ 1950ರಿಂದ ಸುಮಾರು 1,20,000 ಜನರನ್ನು ಹಾಗೆ ಹಿಂಬಾಲಿಸಿದ್ದಾರೆ. ಬಾಂಬ್ ಬಿದ್ದ ಕೆಲವೇ ವರ್ಷಗಳಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಿತು. ಗಡ್ಡೆಯ ಕ್ಯಾನ್ಸರ್‌ಗಳು ಹೆಚ್ಚತೊಡಗಲು ಸುಮಾರು ಹತ್ತು ವರ್ಷ ಹಿಡಿಯಿತು.

ಚೆರ್ನೋಬಿಲ್‌ನಲ್ಲಿ ಉತ್ತರ ಬೇಗ ಸಿಕ್ಕಿತು. 1986ರ ಅಣು ಅಪಘಾತದಲ್ಲಿ ಹಾರಿದ ವಿಕಿರಣಶೀಲ ಅಯೋಡಿನ್-131 ಹುಲ್ಲಿಗೆ ಬಿದ್ದು, ಹಸುವಿನ ಹಾಲಿನ ಮೂಲಕ ಮಕ್ಕಳ ಥೈರಾಯ್ಡ್ ಗ್ರಂಥಿ ಸೇರಿತು. ಆ ಅಯೋಡಿನ್‌ನ ಅರ್ಧಾಯುಷ್ಯ ಎಂಟೇ ದಿನ. ಆದರೂ ನಾಲ್ಕೈದು ವರ್ಷಗಳಲ್ಲಿ ಮಕ್ಕಳಲ್ಲಿ ತೀರಾ ಅಪರೂಪವಾದ ಥೈರಾಯ್ಡ್ ಕ್ಯಾನ್ಸರ್ ಏರಿತು. ಅಪರೂಪದ ಕಾಯಿಲೆಯಾದ್ದರಿಂದಲೇ ಆ ಏರಿಕೆ ಎದ್ದು ಕಂಡಿತು. 2011ರ ಫುಕುಶಿಮಾ ಅಪಘಾತದ ನಂತರ ಸುಮಾರು ಮೂರು ಲಕ್ಷ ಮಕ್ಕಳ ಕುತ್ತಿಗೆಯನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿದಾಗಲೂ ನಿರೀಕ್ಷೆಗಿಂತ ಹೆಚ್ಚು ಕ್ಯಾನ್ಸರ್ ಸಿಕ್ಕಿತು. ಆದರೆ ಅಪಘಾತದ ಸೋಂಕಿಲ್ಲದ ದೂರದ ಪ್ರಾಂತ್ಯಗಳ ಮಕ್ಕಳನ್ನೂ ಅದೇ ಯಂತ್ರದಲ್ಲಿ ನೋಡಿದಾಗ ಥೈರಾಯ್ಡ್ ಗಂಟುಗಳು ಅವರಲ್ಲೂ ಕಡಿಮೆಯಿರಲಿಲ್ಲ. ಹುಡುಕಿದಷ್ಟೂ ಸಿಗುವ ಕಾಯಿಲೆ ಅದು. ಹೋಲಿಸಲು ಆ ದೂರದ ಮಕ್ಕಳಿಲ್ಲದಿದ್ದರೆ ಸಾವಿರಾರು ತಾಯಂದಿರ ಮನಸ್ಸಿಗೆ ಏನಾಗುತ್ತಿತ್ತು?

ಹೋಲಿಕೆಗೆ ಬೇಕಾದ ಲೆಕ್ಕ ಅಪಘಾತಕ್ಕೆ ಮೊದಲೇ ಸಿದ್ಧವಿರಬೇಕು. ಅಣುಸ್ಥಾವರವಿರುವ ನಮ್ಮ ಕೈಗಾದಲ್ಲೂ ಬೇಕು, ಕೆಜಿಎಫ್ ಪಕ್ಕದ ಬಂಗಾರಪೇಟೆಯಲ್ಲೂ ಬೇಕು. ಆದರೆ 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ದುಡಿಯುವ ಜನ ಬೆಳಗಿನ ರೈಲು ಹಿಡಿದರು. ಮಾರಿಕುಪ್ಪಂನಿಂದ ಬಂಗಾರಪೇಟೆ ಹಾದು ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ಕೆಲವರು ಬೆಂಗಳೂರಿನಲ್ಲೇ ಉಳಿದಿದ್ದಾರೆ. ಇವರ ಮೈಗೆ ಯಾವ ವಿಷ ಎಲ್ಲಿ ಸೇರಿತು? ಗಣಿಯ ದೂಳೇ, ಚಿನ್ನ ತೆಗೆದ ಮೇಲೆ ಉಳಿದ ಸೈನೈಡ್ ದಿಬ್ಬದಿಂದ ಗಾಳಿಗೆ ಏಳುವ ಮಣ್ಣೇ, ನಗರದ ಹೊಗೆಯೇ? ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1980ರ ದಶಕದ ಆರಂಭದಿಂದಲೂ ಕ್ಯಾನ್ಸರ್ ನೋಂದಣಿ ನಡೆದಿದೆ. ಆದರೆ ಅಲ್ಲಿ ಚಿಕಿತ್ಸೆ ಪಡೆದ ಬಂಗಾರಪೇಟೆಯವರು ಬೆಂಗಳೂರಿನ ಜನಸಂಖ್ಯೆಯ ಲೆಕ್ಕಕ್ಕೆ ಸೇರುವುದಿಲ್ಲ, ಏಕೆಂದರೆ ಆ ಲೆಕ್ಕ ನಿವಾಸಿಗಳದ್ದು.

ದುಬಾರಿ ಯಂತ್ರಗಳಿಗಿಂತ ಮೊದಲು ಆಗಬೇಕಾದ ಕೆಲಸ ಒಂದಿದೆ. ಬಂಗಾರಪೇಟೆ, ಕೆಜಿಎಫ್ ತಾಲ್ಲೂಕುಗಳ ಪ್ರತಿ ಕ್ಯಾನ್ಸರ್ ರೋಗಿ, ಪ್ರತಿ ಸಿಲಿಕೋಸಿಸ್ ರೋಗಿಯ ಹೆಸರಿನ ಪಕ್ಕದಲ್ಲಿ ಹುಟ್ಟಿದ ವರ್ಷ, ವಾಸವಿದ್ದ ಊರುಗಳು, ಮಾಡಿದ ಕೆಲಸ, ಎಷ್ಟು ವರ್ಷ ಗಣಿಯೊಳಗೆ ಇಳಿದರು ಎಂಬುದನ್ನು ಬರೆದಿಡಬೇಕು. ಗಣಿಯಲ್ಲಿ ದುಡಿದು ಈಗ ಎಪ್ಪತ್ತು ದಾಟಿರುವವರು ಇನ್ನೂ ಇದ್ದಾರೆ. ಅವರನ್ನು ಈ ವರ್ಷವೇ ಕೇಳಬೇಕು.