ಧ್ರುವಾಭಿಮುಖ ದೂರದರ್ಶಕ

ಧ್ರುವನೆಂದರೆ ಅಚಲನು ಎಂಬ ಭಾವನೆ ಭಾರತೀಯರ ಮನಸ್ಸಿನಲ್ಲಿ ಬಲು ಹಿಂದಿನಿಂದಲೂ ಬೇರೂರಿದೆ. ಭಾಗವತ ಪುರಾಣವು ಅವನನ್ನು ಕಣದ ನಡುವಿನ ಮೇಟಿಗೂ, ಗ್ರಹನಕ್ಷತ್ರಗಳನ್ನು ಮೇಟಿಯ ಸುತ್ತ ತಿರುಗುವ ಎತ್ತುಗಳಿಗೂ ಹೋಲಿಸಿದೆ. ಸುಗ್ಗಿಯ ಕಾಲದಲ್ಲಿ ಹಂತಿ ಹೊಡೆಯುವುದನ್ನು ಕಂಡವರಿಗೆ ಈ ಹೋಲಿಕೆ ಎಷ್ಟು ಸಮರ್ಪಕವಾದುದೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಮೇಟಿಯೆಂದು ಜನರು ತೋರಿಸುವ ನಕ್ಷತ್ರ ನಿಜವಾಗಿ ಮೇಟಿಯಲ್ಲ. ಭೂಮಿಯ ಅಕ್ಷವನ್ನು ಉತ್ತರಕ್ಕೆ ಚಾಚಿದರೆ ಅದು ಆಕಾಶವನ್ನು ಮುಟ್ಟುವ ಬಿಂದುವೇ ಧ್ರುವಬಿಂದು. ಧ್ರುವನಕ್ಷತ್ರವು ಈ ಬಿಂದುವಿನಿಂದ ಇಂದು ಸುಮಾರು 38 ಕಲೆಗಳಷ್ಟು ದೂರದಲ್ಲಿದೆ. ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗಕ್ಕೆ ಕಲೆಯೆಂದೂ, ಕಲೆಯ ಅರವತ್ತನೆಯ ಒಂದು ಭಾಗಕ್ಕೆ ವಿಕಲೆಯೆಂದೂ ಹೆಸರು. ಎಂದರೆ ಅಚಲನೆನಿಸಿದ ಧ್ರುವನೂ ಪ್ರತಿದಿನ ಎರಡೂವರೆ ಪೂರ್ಣಚಂದ್ರರಷ್ಟು ಅಗಲದ ಒಂದು ವೃತ್ತದಲ್ಲಿ ಸುತ್ತುತ್ತಿರುತ್ತಾನೆ. ಬರಿಗಣ್ಣಿಗೆ ಇದು ಗೋಚರಿಸುವಂಥದಲ್ಲ. ದೂರದರ್ಶಕಕ್ಕೆ ಇದು ಉಪೇಕ್ಷಿಸುವಂಥದೂ ಅಲ್ಲ.

ಭೂಮಿಯು ತನ್ನ ಅಕ್ಷದ ಮೇಲೆ 23 ಗಂಟೆ 56 ನಿಮಿಷ 4 ಸೆಕೆಂಡುಗಳಲ್ಲಿ ಒಂದು ಸುತ್ತು ಸುತ್ತುತ್ತದೆ. ಇದರ ಪರಿಣಾಮವಾಗಿ ಆಕಾಶದ ನಡುಪಟ್ಟಿಯಲ್ಲಿರುವ ನಕ್ಷತ್ರ ಸೆಕೆಂಡಿಗೆ 15 ವಿಕಲೆಗಳಷ್ಟು ಸರಿಯುತ್ತದೆ. ಅರ್ಧ ಡಿಗ್ರಿ ಅಗಲದ ನೋಟವುಳ್ಳ ದೂರದರ್ಶಕವನ್ನು ಸುಮ್ಮನೆ ನಿಲ್ಲಿಸಿದ್ದರೆ ನಕ್ಷತ್ರವು ಎರಡೇ ನಿಮಿಷದಲ್ಲಿ ಅದನ್ನು ದಾಟಿಹೋಗುವುದು. ಇದಕ್ಕೆ ಪರಿಹಾರವಾಗಿ ಬಂದುದು, ಮೌಂಟ್ ಎಂದು ಕರೆಯುವ ಆಧಾರಪೀಠದ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಓರೆಯಾಗಿಸಿ, ಅದೊಂದನ್ನೇ ಭೂಮಿಯ ವೇಗದಲ್ಲಿ ಹಿಮ್ಮುಖವಾಗಿ ತಿರುಗಿಸುವ ಉಪಾಯ. ಫ್ರಾನ್‌ಹೋಫರನು 1824ರಲ್ಲಿ ಡಾರ್ಪಟ್ ವೀಕ್ಷಣಾಲಯಕ್ಕೆ, ಎಂದರೆ ಇಂದಿನ ಎಸ್ಟೋನಿಯಾ ದೇಶದ ಟಾರ್ಟುವಿಗೆ, ನಿರ್ಮಿಸಿಕೊಟ್ಟ ದೂರದರ್ಶಕವು ಈ ಬಗೆಯ ಪೀಠಕ್ಕೂ ಅದನ್ನು ನಡೆಸುವ ಗಡಿಯಾರಯಂತ್ರಕ್ಕೂ ಮಾದರಿಯೆನಿಸಿತು. ಅದಕ್ಕೂ ಸುಮಾರು ನೂರು ವರ್ಷ ಮೊದಲೇ ಸವಾಯಿ ಜಯಸಿಂಹನು ಜಯಪುರದಲ್ಲಿ ಕಟ್ಟಿಸಿದ ಸಾಮ್ರಾಟ್ ಯಂತ್ರದ ಓರೆಗೋಡೆಯೂ ಇದೇ ತತ್ತ್ವದ್ದು. ಆ ಊರಿನ ಅಕ್ಷಾಂಶವಾದ 27 ಡಿಗ್ರಿಗಳಷ್ಟು ಏರಿ ಅದು ಧ್ರುವಬಿಂದುವನ್ನು ನಿಟ್ಟಿಸುತ್ತ ನಿಂತಿದೆ. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ತಮಿಳುನಾಡಿನ ಕಾವಲೂರಿನಲ್ಲಿ 1986ರಿಂದ ನಡೆಸುತ್ತಿರುವ 2.34 ಮೀಟರ್ ವ್ಯಾಸದ ವೇಣು ಬಾಪ್ಪು ದೂರದರ್ಶಕದ ಅಕ್ಷವಾದರೋ ನೆಲದಿಂದ ಸುಮಾರು ಹನ್ನೆರಡೂವರೆ ಡಿಗ್ರಿ ಮಾತ್ರ ಎದ್ದಿದೆ. ಆ ಊರಿನ ಅಕ್ಷಾಂಶ ಅಷ್ಟೇ. ಅದೇ ಸಂಸ್ಥೆಯವರು ಹೊಸಕೋಟೆಯಿಂದ ನಡೆಸುವ ಲಡಾಖಿನ ಹಾನ್ಲೆ ದೂರದರ್ಶಕದಂತಹ ಈಚಿನ ದೊಡ್ಡ ಯಂತ್ರಗಳು ಈ ಓರೆ ಅಕ್ಷವನ್ನೇ ಕೈಬಿಟ್ಟು, ಎರಡೂ ಅಕ್ಷಗಳನ್ನು ಗಣಕಯಂತ್ರದ ಬಲದಿಂದ ತಿರುಗಿಸುತ್ತವೆ. ಶಾಲೆಗೂ ಹವ್ಯಾಸಿಗೂ ದೊರೆಯುವ, ಛಾಯಾಚಿತ್ರಕ್ಕೆ ಯೋಗ್ಯವಾದ ಪೀಠಗಳು ಬಹುಮಟ್ಟಿಗೆ ಹಳೆಯ ಮಾದರಿಯವೇ.

ಹೊಂದಾಣಿಕೆ ಎಷ್ಟು ನಿಖರವಾಗಿರಬೇಕೆಂಬುದು ಕೈಗೊಂಡ ಕೆಲಸವನ್ನು ಅವಲಂಬಿಸಿದೆ. ಶನಿಯ ಬಳೆಗಳನ್ನೋ ಚಂದ್ರನ ಕುಳಿಗಳನ್ನೋ ಕಣ್ಣಿಟ್ಟು ನೋಡುವುದಾದರೆ ಅರ್ಧ ಡಿಗ್ರಿಯ ದೋಷವೂ ಬಾಧಿಸದು. ಛಾಯಾಚಿತ್ರದ ಮಾತು ಬೇರೆ. ಅಕ್ಷವು ಧ್ರುವಬಿಂದುವಿನಿಂದ 10 ಕಲೆ ತಪ್ಪಿದ್ದರೆ ನಕ್ಷತ್ರವು ನಿಮಿಷಕ್ಕೆ ಹೆಚ್ಚೆಂದರೆ 2.6 ವಿಕಲೆಯಷ್ಟು ಜಾರುತ್ತದೆ. 500 ಮಿಲಿಮೀಟರ್ ನಾಭಿದೂರದ ದೂರದರ್ಶಕಕ್ಕೆ 4 ಮೈಕ್ರಾನ್ ಪಿಕ್ಸೆಲ್‌ಗಳುಳ್ಳ ಕ್ಯಾಮೆರಾ ಜೋಡಿಸಿದಾಗ ಒಂದೊಂದು ಪಿಕ್ಸೆಲ್ಲೂ ಆಕಾಶದ 1.65 ವಿಕಲೆಯನ್ನು ಆವರಿಸುತ್ತದೆ. ಆದುದರಿಂದ 5 ನಿಮಿಷ ತೆರೆದಿಟ್ಟ ಚಿತ್ರದಲ್ಲಿ ನಕ್ಷತ್ರವು ಎಂಟು ಪಿಕ್ಸೆಲ್‌ಗಳಷ್ಟು ಎಳೆದುಕೊಂಡು, ಚುಕ್ಕೆಯಾಗಬೇಕಾದುದು ಗೆರೆಯಾಗುವುದು. ಎರಡನೆಯ ಕ್ಯಾಮೆರಾದಿಂದ ಒಂದು ನಕ್ಷತ್ರವನ್ನು ಕಾವಲು ಕಾಯುತ್ತ, ಅದು ಜಾರಿದಂತೆಲ್ಲ ಪೀಠವನ್ನು ತಿದ್ದುವ ಏರ್ಪಾಡೂ ಉಂಟು. ಆದರೆ ಅದು ಆ ಒಂದು ನಕ್ಷತ್ರವನ್ನು ಹಿಡಿದು ನಿಲ್ಲಿಸೀತೇ ಹೊರತು, ಉಳಿದವು ಅದರ ಸುತ್ತ ಮೆಲ್ಲನೆ ತಿರುಗುವುದನ್ನು ತಡೆಯಲಾರದು. ಬೇರಿಗೆ ರೋಗ ಬಂದಾಗ ಎಲೆಗೆ ಮದ್ದು ಬಳಿದಂತೆ! ದೋಷವನ್ನು ಒಂದೆರಡು ಕಲೆಗಳೊಳಗೆ ತಂದರೆ ಹವ್ಯಾಸಿಯ ಕೆಲಸಕ್ಕೆ ಧಾರಾಳವಾಯಿತು.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಒಂದು ವಿಶೇಷವಾದ ಅಡಚಣೆಯಿದೆ. ಒಂದು ಊರಿನ ಅಕ್ಷಾಂಶ ಎಷ್ಟೋ ಅಷ್ಟೇ ಎತ್ತರದಲ್ಲಿ ಆ ಊರಿನವರಿಗೆ ಧ್ರುವಬಿಂದು ಇರುತ್ತದೆ. ಲಂಡನ್ನಿನಲ್ಲಿ ಅದು 51 ಡಿಗ್ರಿಗೂ ಮೇಲೆ. ಬೀದರಿನಲ್ಲಿ 18ರ ಸಮೀಪ, ಧಾರವಾಡದಲ್ಲಿ ಹದಿನೈದೂವರೆ, ಬೆಂಗಳೂರಿನಲ್ಲಿ ಬರಿಯ 13. ಅಷ್ಟು ಕೆಳಗಿನ ನಕ್ಷತ್ರದ ಬೆಳಕು ನೆತ್ತಿಯ ಮೇಲಿನ ನಕ್ಷತ್ರದ ಬೆಳಕಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಗಾಳಿಯನ್ನು ತೂರಿ ಬರಬೇಕು. ಧೂಳು, ಮಬ್ಬು, ಪೇಟೆಯ ದೀಪಗಳ ಪ್ರಭೆ ಎಲ್ಲವೂ ಆ ಮಟ್ಟದಲ್ಲಿಯೇ ನೆರೆದಿರುತ್ತವೆ. ಅದನ್ನೂ ಗೆದ್ದರೆ ತೆಂಗಿನ ತೋಟವೋ ಪಕ್ಕದ ಮಾಳಿಗೆಯೋ ಅಡ್ಡ. ಉತ್ತರ ದೇಶಗಳ ಅಕ್ಷಾಂಶಕ್ಕೆಂದು ರೂಪಿಸಿದ ಕೆಲವು ಪೀಠಗಳು ಇಷ್ಟು ಕೆಳಗೆ ಬಾಗುವುದೇ ಇಲ್ಲ. ಬಾಗಿದರೂ ಸಮತೂಕದ ಗುಂಡಿನ ಸರಳು ಮುಕ್ಕಾಲಿಯ ಕಾಲಿಗೆ ತಗಲುವುದುಂಟು. ಶಾಲೆಗೆ ದೂರದರ್ಶಕವನ್ನು ಕೊಳ್ಳುವವರೂ ಕೊಡಿಸುವವರೂ ಮೊದಲೇ ವಿಚಾರಿಸಿಕೊಳ್ಳತಕ್ಕ ವಿಷಯವಿದು.

ಹಿಂದಿನಿಂದ ಬಂದ ವಿಧಾನಗಳು ಎರಡು. ಅಕ್ಷದ ಟೊಳ್ಳಿನಲ್ಲಿ ಕೂಡಿಸಿದ ಕಿರುದರ್ಶಕದಿಂದ ಧ್ರುವನಕ್ಷತ್ರವನ್ನು ಕಂಡು, ಆ ಹೊತ್ತಿಗೆ ಅದು ತನ್ನ ವೃತ್ತದಲ್ಲಿ ಎಲ್ಲಿರಬೇಕೋ ಅಲ್ಲಿ ಕೂಡಿಸುವುದು ಒಂದು. ಧ್ರುವನೇ ಕಾಣದಿದ್ದರೆ ಇದು ನಿರುಪಯುಕ್ತ. ಎರಡನೆಯದು ಜಾರಿಕೆಯ ವಿಧಾನ. ದಕ್ಷಿಣೋತ್ತರ ರೇಖೆಯ ಬಳಿಯ ಒಂದು ನಕ್ಷತ್ರ ಉತ್ತರಕ್ಕೆ ಜಾರುವುದೋ ದಕ್ಷಿಣಕ್ಕೋ ಎಂದು ನೋಡಿ ಪೀಠವನ್ನು ಎಡಬಲಕ್ಕೆ ತಿದ್ದಬೇಕು, ಬಳಿಕ ಪೂರ್ವದಲ್ಲೋ ಪಶ್ಚಿಮದಲ್ಲೋ ತಗ್ಗಿನಲ್ಲಿರುವ ನಕ್ಷತ್ರವನ್ನು ನೋಡಿ ಮೇಲೆ ಕೆಳಗೆ ತಿದ್ದಬೇಕು, ಮತ್ತೆ ಮೊದಲಿನಿಂದ. ಧ್ರುವನನ್ನು ಕಾಣದೆಯೂ ಇದು ನಡೆಯುತ್ತದೆ. ಆದರೆ ತಾಸುಗಟ್ಟಲೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ನೋಡಲು ಬಂದ ಮಕ್ಕಳು ನಿದ್ದೆಹೋಗಿರುತ್ತಾರೆ. ದಾನಿಗಳು ಪ್ರೀತಿಯಿಂದ ಕೊಡಿಸಿದ ಒಳ್ಳೆಯ ಉಪಕರಣವು ಪೆಟ್ಟಿಗೆಯೊಳಗೇ ಉಳಿದುಬಿಡುವುದಕ್ಕೆ ಇಂತಹ ಬೇಸರವೂ ಒಂದು ಕಾರಣ.

ಕ್ಯಾಮೆರಾ ಮತ್ತು ತಂತ್ರಾಂಶದ ನೆರವಿನ ಹೊಸ ವಿಧಾನವು ಈ ತೊಡಕನ್ನು ಬಿಡಿಸಿದೆ. ಅದರ ತಿರುಳು ಪ್ರೌಢಶಾಲೆಯ ರೇಖಾಗಣಿತವೇ ಹೊರತು ಬೇರೇನಲ್ಲ. ಒಕ್ಕಣೆ ಮುಗಿದು ಮೇಟಿಯನ್ನು ಕಿತ್ತೊಯ್ದಿದ್ದಾರೆ, ಅದರ ಕುಳಿಯೂ ಮುಚ್ಚಿಹೋಗಿದೆ, ಒಂದು ಎತ್ತಿನ ಗೊರಸಿನ ಗುರುತುಗಳು ಮಾತ್ರ ಕಣದಲ್ಲಿ ಉಳಿದಿವೆ ಎಂದಿಟ್ಟುಕೊಳ್ಳಬಹುದು. ಮೇಟಿ ಎಲ್ಲಿತ್ತು? ಮೂರು ಗುರುತುಗಳನ್ನು ಆರಿಸಿ, ಮೊದಲನೆಯದನ್ನು ಎರಡನೆಯದಕ್ಕೂ ಎರಡನೆಯದನ್ನು ಮೂರನೆಯದಕ್ಕೂ ಗೆರೆಯಿಂದ ಸೇರಿಸಿ, ಎರಡೂ ಗೆರೆಗಳಿಗೆ ಲಂಬಾರ್ಧಕಗಳನ್ನು ಎಳೆದರೆ ಅವು ಸಂಧಿಸುವ ಸ್ಥಳವೇ ಮೇಟಿಯ ಸ್ಥಳ. ಎತ್ತು ಮೇಟಿಯನ್ನು ನೋಡಿರಬೇಕಾದುದಿಲ್ಲ, ಸುತ್ತಿದ್ದರೆ ಸಾಕು. ದೂರದರ್ಶಕವೂ ಹಾಗೆಯೇ. ಆಕಾಶದಲ್ಲಿ ಅನುಕೂಲವಾದ ಯಾವುದಾದರೊಂದು ಕಡೆಗೆ ಅದನ್ನು ತಿರುಗಿಸಿ ಒಂದು ಚಿತ್ರ ತೆಗೆಯುವುದು. ಇನ್ನೊಂದು ಅಕ್ಷವನ್ನು ಅಲುಗದಂತೆ ಬಿಗಿದಿಟ್ಟು, ಧ್ರುವಾಕ್ಷದ ಮೇಲೆ ಮಾತ್ರ ಹತ್ತಿಪ್ಪತ್ತು ಡಿಗ್ರಿ ತಿರುಗಿಸಿ ಎರಡನೆಯ ಚಿತ್ರ. ಅದೇ ರೀತಿ ಮೂರನೆಯದು. ಮೂರು ಚಿತ್ರಗಳ ಮಧ್ಯಬಿಂದುಗಳೇ ಮೂರು ಗೊರಸಿನ ಗುರುತುಗಳು. ಅವು ಯಾವ ಬಿಂದುವಿನ ಸುತ್ತಲಿನ ವೃತ್ತದ ಮೇಲಿವೆಯೋ ಆ ಬಿಂದುವಿನತ್ತಲೇ ಪೀಠದ ಅಕ್ಷವು ಚಾಚಿದೆ. ಗುರುತುಗಳು ಗೇಣುದ್ದದೊಳಗೇ ಇದ್ದರೆ ಕೇಂದ್ರವು ತಪ್ಪುವಂತೆ, ತಿರುಗಿಸುವ ಕೋನ ತೀರ ಚಿಕ್ಕದಾದರೆ ಇಲ್ಲಿಯೂ ಲೆಕ್ಕ ತಪ್ಪುತ್ತದೆ. ಪೋಲ್‌ಮಾಸ್ಟರ್ ಎಂಬ ಪುಟ್ಟ ಕ್ಯಾಮೆರಾ, ಶಾರ್ಪ್‌ಕ್ಯಾಪ್ ತಂತ್ರಾಂಶ ಮೊದಲಾದವು ಧ್ರುವದ ಆಸುಪಾಸಿನ ಆಕಾಶ ಕಾಣಲೇಬೇಕೆಂದು ಬಯಸುತ್ತವೆ. ನೀನಾ ಎಂಬ ಉಚಿತ ತಂತ್ರಾಂಶದ ತ್ರಿಬಿಂದು ವಿಧಾನಕ್ಕೆ ಆ ಹಂಗಿಲ್ಲ. ಧ್ರುವವು ಮಬ್ಬಿನಲ್ಲಿ ಮುಳುಗಿರುವ ಈ ನಾಡಿಗೆ ಒಗ್ಗುವುದು ಎರಡನೆಯ ಬಗೆಯೇ.

ಚಿತ್ರದ ಮಧ್ಯಬಿಂದು ಆಕಾಶದಲ್ಲಿ ಎಲ್ಲಿದೆಯೆಂದು ಯಂತ್ರಕ್ಕೆ ತಿಳಿಯುವುದಾದರೂ ಹೇಗೆ? ಈ ವಿಧಾನದಲ್ಲಿ ನಿಜವಾಗಿ ಬೆರಗು ಹುಟ್ಟಿಸುವ ಭಾಗ ಇದು. ಡಸ್ಟಿನ್ ಲ್ಯಾಂಗ್, ಡೇವಿಡ್ ಹಾಗ್ ಮೊದಲಾದವರು 2010ರಲ್ಲಿ ವಿವರಿಸಿ ಪ್ರಕಟಿಸಿದ ಆಸ್ಟ್ರೋಮೆಟ್ರಿ ಡಾಟ್ ನೆಟ್ ಎಂಬ ಪದ್ಧತಿಯು ಚಿತ್ರದೊಳಗಿನ ನಾಲ್ಕು ನಕ್ಷತ್ರಗಳನ್ನು ಒಂದು ಗುಂಪಾಗಿ ತೆಗೆದುಕೊಳ್ಳುತ್ತದೆ. ಅವುಗಳಲ್ಲಿ ಅತ್ಯಂತ ದೂರವಿರುವ ಎರಡನ್ನು ಅಳತೆಗೋಲಿನ ಎರಡು ತುದಿಗಳೆಂದು ಭಾವಿಸಿ, ಉಳಿದೆರಡು ಆ ಕೋಲಿಗೆ ಹೋಲಿಸಿದರೆ ಎಲ್ಲೆಲ್ಲಿವೆ ಎಂಬುದನ್ನು ನಾಲ್ಕು ಸಂಖ್ಯೆಗಳಲ್ಲಿ ಬರೆದುಕೊಳ್ಳುತ್ತದೆ. ಚಿತ್ರವನ್ನು ಹಿಗ್ಗಿಸಿದರೂ ಕುಗ್ಗಿಸಿದರೂ, ಹೇಗೆ ತಿರುಗಿಸಿದರೂ ಈ ನಾಲ್ಕು ಸಂಖ್ಯೆಗಳು ಬದಲಾಗವು. ಇವು ಆ ಗುಂಪಿನ ಹೆಬ್ಬೆಟ್ಟಿನ ಗುರುತಿದ್ದಂತೆ. ಇಡೀ ಆಕಾಶದ ನಕ್ಷತ್ರಗಳಿಂದ ಮೊದಲೇ ಸಿದ್ಧಪಡಿಸಿಟ್ಟ ಇಂತಹ ಗುರುತುಗಳ ಭಂಡಾರದಲ್ಲಿ ಹುಡುಕಿ, ಹೊಂದುವ ಗುಂಪು ದೊರೆತೊಡನೆ ಸುತ್ತಲಿನ ಇತರ ನಕ್ಷತ್ರಗಳೂ ತಾಳೆಯಾಗುವುವೇ ಎಂದು ಪರೀಕ್ಷಿಸುತ್ತದೆ. ದೂರದರ್ಶಕದ ನಾಭಿದೂರವನ್ನು ಮುಂಚಿತವಾಗಿ ತಿಳಿಸಿದ್ದರೆ ಇಂದಿನ ತಂತ್ರಾಂಶಗಳು ಇಂತಹ ಹುಡುಕಾಟವನ್ನು ಕೆಲವೇ ಸೆಕೆಂಡುಗಳಲ್ಲಿ ಮುಗಿಸುತ್ತವೆ.

ಅಕ್ಷ ಎಲ್ಲಿಗೆ ಚಾಚಿದೆಯೆಂದು ತಿಳಿದ ಮೇಲೆ, ಅದು ಎಲ್ಲಿಗೆ ಚಾಚಬೇಕಿತ್ತೆಂಬ ಪ್ರಶ್ನೆ ಉಳಿಯುತ್ತದೆ. ಇದು ತೋರುವಷ್ಟು ಸರಳವಲ್ಲ. ಭೂಮಿಯ ಅಕ್ಷವೇ ಬುಗುರಿಯಂತೆ ಓಲಾಡುತ್ತ ಸುಮಾರು 26,000 ವರ್ಷಗಳಲ್ಲಿ ಒಂದು ಸುತ್ತು ಬರುವುದರಿಂದ ಧ್ರುವಬಿಂದು ನಕ್ಷತ್ರಗಳ ನಡುವೆ ವರ್ಷಕ್ಕೆ 20 ವಿಕಲೆ ಸರಿಯುತ್ತದೆ. ನಕ್ಷತ್ರಪಟ್ಟಿಗಳಲ್ಲಿನ ಸ್ಥಾನಗಳು ಸಾಮಾನ್ಯವಾಗಿ ಕ್ರಿ.ಶ. 2000ದ ಧ್ರುವವನ್ನು ಆಧರಿಸಿದವು. 2025ರ ಹೊತ್ತಿಗೆ ನಿಜವಾದ ಧ್ರುವ ಅಲ್ಲಿಂದ 8 ಕಲೆಗೂ ಹೆಚ್ಚು ಸರಿದುಹೋಗಿತ್ತು. ಈ ತಿದ್ದುಪಡಿಯನ್ನು ಸೇರಿಸದ ಲೆಕ್ಕವು ಉಳಿದೆಲ್ಲ ಶ್ರಮವನ್ನೂ ನೀರಿನಲ್ಲಿ ಹೋಮ ಮಾಡಿದಂತಾಗಿಸುತ್ತದೆ. ವಾತಾವರಣದ ವಕ್ರೀಭವನವು ಇನ್ನೊಂದು. ಕರ್ನಾಟಕದ ಬಹುಭಾಗದಲ್ಲಿ ಅದು ಧ್ರುವವನ್ನು ಮೂರರಿಂದ ನಾಲ್ಕು ಕಲೆಗಳಷ್ಟು ಮೇಲಕ್ಕೆತ್ತಿ ತೋರಿಸುತ್ತದೆ. ಲಂಡನ್ನಿನಲ್ಲಿ ಅದು ಒಂದು ಕಲೆಗೂ ಕಡಿಮೆ. ತೋರುವ ಧ್ರುವಕ್ಕೆ ಹೊಂದಿಸಬೇಕೋ ನಿಜವಾದ ಧ್ರುವಕ್ಕೋ ಎಂಬುದರಲ್ಲಿ ಬಲ್ಲವರಲ್ಲಿಯೂ ಒಮ್ಮತವಿಲ್ಲ. ನೆತ್ತಿಯ ಸಮೀಪದ ವಸ್ತುಗಳನ್ನೇ ಚಿತ್ರಿಸುವವರು ನಿಜಧ್ರುವವನ್ನು ಹಿಡಿದು, ಮೂರು ಚಿತ್ರಗಳನ್ನೂ ಆಕಾಶದ ಎತ್ತರದ ಭಾಗದಲ್ಲಿ ತೆಗೆಯುವುದು ಲೇಸು.

ಗಣಕಯಂತ್ರದ ಗಡಿಯಾರವನ್ನು ಕುರಿತೂ ಒಂದು ಮಾತು. ಗ್ರೀನ್‌ವಿಚ್ ಕಾಲಕ್ಕೂ ಭಾರತದ ಕಾಲಕ್ಕೂ ಇರುವ ಐದೂವರೆ ಗಂಟೆಗಳ ಅಂತರವನ್ನು ನಮೂದಿಸಲು ಮರೆತರೆ ವಿಚಿತ್ರವಾದ ತೊಡಕು ಒದಗುತ್ತದೆ. ಒಟ್ಟು ದೋಷ ಎಷ್ಟು ಕಲೆಯೆಂಬುದು ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತದೆ. ಅದನ್ನು ಮೇಲೆ-ಕೆಳಗೆ, ಎಡ-ಬಲ ಎಂದು ವಿಂಗಡಿಸುವಾಗ ಮಾತ್ರ ದಿಕ್ಕು 82 ಡಿಗ್ರಿಗೂ ಹೆಚ್ಚು ತಿರುಗಿರುತ್ತದೆ. ಪೀಠವನ್ನು ಎತ್ತಬೇಕಾದಲ್ಲಿ ಪಕ್ಕಕ್ಕೆ ಸರಿಸೆಂದು ಯಂತ್ರವು ನಿಶ್ಚಿಂತೆಯಿಂದ ಹೇಳುತ್ತದೆ. ಹೇಳಿದಂತೆ ಮಾಡಿದಷ್ಟೂ ದೋಷ ಹಿಗ್ಗುತ್ತದೆ. ತತ್ತ್ವವನ್ನು ಬಲ್ಲವನು ಇದನ್ನು ಕೂಡಲೇ ಗುರುತಿಸುತ್ತಾನೆ. ಗುಂಡಿ ಒತ್ತುವುದನ್ನಷ್ಟೇ ಕಲಿತವನು ಪೀಠವೇ ಕೆಟ್ಟಿತೆಂದು ಮೂಲೆಗಿಡುತ್ತಾನೆ. ಜಾರಿಕೆಯ ವಿಧಾನವನ್ನು ವಿದ್ಯಾರ್ಥಿಗಳಿಂದ ವರ್ಷಕ್ಕೊಮ್ಮೆಯಾದರೂ ಮಾಡಿಸುವ ಉಪಾಧ್ಯಾಯರ ಶ್ರಮ ಈ ಕಾರಣದಿಂದ ವ್ಯರ್ಥವಲ್ಲ.

ತಿದ್ದುವ ಕೆಲಸ ಕೈಯಿಂದಲೇ ಆಗಬೇಕು. ಪರದೆಯ ಮೇಲೆ ದೋಷವು ಕ್ಷಣಕ್ಷಣಕ್ಕೂ ತೋರುತ್ತಿರುವಾಗ ಪೀಠದ ಬುಡದಲ್ಲಿರುವ ತಿರುಪುಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತ ಅದನ್ನು ಕುಗ್ಗಿಸಬೇಕು. ಕೊನೆಗೆ ತಿರುಪುಗಳನ್ನು ಬಿಗಿಯುವಾಗಲೇ ಅಕ್ಷವು ಒಂದೆರಡು ಕಲೆ ಸರಿಯುವುದು ಸಾಮಾನ್ಯ. ಆದುದರಿಂದ ಬಿಗಿದ ಬಳಿಕ ಮೂರು ಚಿತ್ರಗಳನ್ನು ಇನ್ನೊಮ್ಮೆ ತೆಗೆದು ನೋಡದೆ ಬಿಡಬಾರದು. ಅಭ್ಯಾಸವಾದವರಿಗೆ ಇದೆಲ್ಲ ಹತ್ತು ಹದಿನೈದು ನಿಮಿಷದ ಕೆಲಸ. ಎಲ್ಲಕ್ಕಿಂತ ಹೆಚ್ಚು ಕಾಡುವುದು ನೆಲ. ಒಂದು ಮೀಟರ್ ಅಂತರದಲ್ಲಿ ಊರಿದ ಮುಕ್ಕಾಲಿಯ ಒಂದು ಕಾಲು ಮೆತ್ತನೆಯ ಮಣ್ಣಿನಲ್ಲಿ ಒಂದೇ ಮಿಲಿಮೀಟರ್ ಕುಸಿದರೂ ಅಕ್ಷವು ಮೂರು ಕಲೆಗೂ ಮಿಕ್ಕಿ ವಾಲುತ್ತದೆ. ಕಾಲುಗಳ ಕೆಳಗೆ ಚಪ್ಪಡಿಕಲ್ಲುಗಳನ್ನಿಡುವುದು ಅಗ್ಗದ ಉಪಾಯ.

ಶಾಲೆಯ ಅಂಗಳದಲ್ಲಿ ಕಾಂಕ್ರೀಟಿನ ಕಂಬವೊಂದನ್ನು ನಿಲ್ಲಿಸಿ ಪೀಠವನ್ನು ಅದರ ಮೇಲೆಯೇ ಕೂಡಿಸಿಟ್ಟರೆ ಪ್ರತಿರಾತ್ರಿಯ ಈ ಶ್ರಮವೂ ಉಳಿಯುತ್ತದೆ. ಧ್ರುವಬಿಂದು ನಕ್ಷತ್ರಗಳ ನಡುವೆ ಸರಿಯುತ್ತಿದ್ದರೂ ಕಂಬವನ್ನು ವರ್ಷ ವರ್ಷ ತಿದ್ದಬೇಕಾದುದಿಲ್ಲ. ಭೂಮಿಯೊಡನೆ ಕಂಬವೂ ಓಲಾಡುವುದರಿಂದ ನೆಲಕ್ಕೂ ಅಕ್ಷಕ್ಕೂ ಇರುವ ಕೋನ ಬದಲಾಗದು. ಆದರೆ ಧಾರವಾಡ, ವಿಜಯಪುರ, ಕಲಬುರಗಿಗಳ ಎರೆಭೂಮಿಯ ಸ್ವಭಾವವೇ ಬೇರೆ. ಮಳೆಗಾಲದಲ್ಲಿ ಅದು ಉಬ್ಬುತ್ತದೆ, ಬೇಸಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಅಂತಹ ಊರುಗಳಲ್ಲಿ ಕಂಬದ ಅಡಿಪಾಯವನ್ನು ಎರೆಯ ಪದರ ದಾಟಿ ಗಟ್ಟಿನೆಲ ಮುಟ್ಟುವವರೆಗೆ ಇಳಿಸಬೇಕು. ಕಟ್ಟಡದ ಗೋಡೆಗಾಗಲಿ ಅಂಗಳದ ಗಚ್ಚಿಗಾಗಲಿ ತಗಲದಂತೆ ಕಂಬವನ್ನು ಪ್ರತ್ಯೇಕವಾಗಿ ನಿಲ್ಲಿಸಿ, ಪ್ರತಿವರ್ಷ ಮಳೆ ನಿಂತು ಆಕಾಶ ತಿಳಿಯಾದ ಮೊದಲ ರಾತ್ರಿ ಮೂರು ಚಿತ್ರಗಳನ್ನು ತೆಗೆದು ಪರೀಕ್ಷಿಸಿಕೊಳ್ಳಬೇಕು.