ಗ್ರಾಮಫೋನ್ ಮುದ್ರಿಕೆಗಳ ಶೋಧ ಮತ್ತು ವಿನಿಮಯ

ಶಿಲ್ಪವು ಕಲ್ಲಿನಲ್ಲಿ ಉಳಿಯುತ್ತದೆ. ಕಾವ್ಯವು ಓಲೆಯಲ್ಲಿ ಉಳಿಯುತ್ತದೆ. ಹಾಡಿದ ಸ್ವರವಾದರೋ ಹಾಡಿದ ಗಳಿಗೆಯಲ್ಲಿಯೇ ಗಾಳಿಯಲ್ಲಿ ಲೀನವಾಗುತ್ತದೆ. ಸಂಗೀತದ ಈ ಕೊರತೆಯನ್ನು ನಮ್ಮ ದೇಶದಲ್ಲಿ ನೀಗಿದುದು ಗ್ರಾಮಫೋನ್. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿತಜ್ಞನು ಕಲಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಗಾಯನವನ್ನು ಮುದ್ರಿಸಿಕೊಂಡನು. ತಟ್ಟೆಗಳು ಸಿದ್ಧವಾದುದು ಜರ್ಮನಿಯ ಹಾನೋವರ್ ನಗರದಲ್ಲಿ. ಅಲ್ಲಿನ ಕೆಲಸಗಾರರಿಗೆ ಗುರುತು ಸಿಗಲೆಂದು ಹಾಡಿನ ಕೊನೆಯಲ್ಲಿ ಗಾಯಕಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳೆಂಬುದು ಪ್ರತೀತಿ. ಆಕೆ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ಕಣ್ಮುಚ್ಚಿದಳು.

ಅಂದಿನ ತಟ್ಟೆಗಳು ಅರಗು, ಕಲ್ಲಿನ ಪುಡಿ ಮತ್ತು ಕಾಡಿಗೆಗಳ ಮಿಶ್ರಣದಿಂದ ಆದವು. ನಿಮಿಷಕ್ಕೆ 78 ಸುತ್ತು ತಿರುಗುವ 10 ಅಂಗುಲದ ತಟ್ಟೆಯ ಒಂದು ಮುಖದಲ್ಲಿ ಸುಮಾರು ಮೂರು ನಿಮಿಷದ ಹಾಡು ಮಾತ್ರ ಅಡಗುತ್ತಿತ್ತು. ಕೈಜಾರಿದರೆ ತಟ್ಟೆ ಚೂರುಚೂರು. ಉಕ್ಕಿನ ಸೂಜಿಯ ಉಜ್ಜಾಟಕ್ಕೆ ಗೆರೆಗಳು ಸವೆಯುತ್ತಿದ್ದುವು. 1948ರಲ್ಲಿ ಅಮೆರಿಕದಲ್ಲಿ ವಿನೈಲಿನ ದೀರ್ಘಾವಧಿ ತಟ್ಟೆಗಳು ಬಂದುವು. ಕ್ರಮೇಣ ಹಳೆಯವು ಮೂಲೆಗೆ ಸರಿದು, ಎಷ್ಟೋ ಮನೆಗಳಿಂದ ತೂಕದ ಲೆಕ್ಕದಲ್ಲಿ ಗುಜರಿಗೆ ಸೇರಿದುವು.

ಸಂಗ್ರಾಹಕರ ಶೋಧ ಆರಂಭವಾಗುವುದು ಅಲ್ಲಿಂದಲೇ. ಮುಂಬಯಿಯ ಚೋರ್ ಬಜಾರ್, 1985ರಲ್ಲಿ ಬೆಂಕಿಗೆ ಆಹುತಿಯಾದ ಮದರಾಸಿನ ಮೂರ್ ಮಾರ್ಕೆಟ್ ಮುಂತಾದವು ಇಂತಹ ಶೋಧಕ್ಕೆ ಹೆಸರಾದ ತಾಣಗಳು. ನುರಿತ ಸಂಗ್ರಾಹಕನು ಮೊದಲು ನೋಡುವುದು ಹೆಸರನ್ನಲ್ಲ. ಹೆಸರುಚೀಟಿಯ ಅಂಚಿನ ಖಾಲಿ ಜಾಗದಲ್ಲಿ ಒತ್ತಿರುವ ಸಂಖ್ಯೆಯನ್ನು. ಒಂದೇ ಗಾಯನವು ಬೇರೆ ಬೇರೆ ಚೀಟಿಗಳಲ್ಲಿ ಹೊರಬಂದಿದ್ದರೂ ಈ ಸಂಖ್ಯೆ ಅದನ್ನು ಗುರುತಿಸಿಕೊಡುತ್ತದೆ. ಅನಂತರ ಬೆಳಕಿಗೆ ಹಿಡಿದು ಬಿರುಕು, ಗೀರು, ಸವೆತಗಳನ್ನು ಪರೀಕ್ಷಿಸಬೇಕು. ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಸಹಸ್ರಾರು ಮಾರಾಟವಾದ ಚಿತ್ರಗೀತೆಯ ತಟ್ಟೆ ಸುಲಭವಾಗಿ ದೊರೆಯುತ್ತದೆ. ಅಲ್ಪಾಯುಷಿಯಾದ ಸಣ್ಣ ಕಂಪನಿಯೊಂದು ತಂದ ಖಯಾಲಿನ ತಟ್ಟೆ ದುರ್ಲಭ. ರಸಿಕರ ನಡುವೆ ಹಣಕ್ಕಿಂತಲೂ ವಿನಿಮಯಕ್ಕೇ ಮನ್ನಣೆ: ತನ್ನಲ್ಲಿ ಎರಡಿರುವುದನ್ನು ಕೊಟ್ಟು, ಇಲ್ಲದುದನ್ನು ಪಡೆಯುವುದು ವಾಡಿಕೆ.

ಈ ಹವ್ಯಾಸದ ಸಾರ್ಥಕತೆಗೆ ಧಾರವಾಡ-ಹುಬ್ಬಳ್ಳಿಯ ಪರಿಸರದಲ್ಲಿಯೇ ನಿದರ್ಶನವುಂಟು. 1930ರ ದಶಕದಲ್ಲಿ ಎಚ್.ಎಂ.ವಿ. ಕಂಪನಿಯು 'ಗಾಂಧಾರಿ' ಎಂಬ ಹೆಸರಿನಲ್ಲಿ ಮುದ್ರಿಕೆಗಳನ್ನು ಹೊರತಂದಿತು. ಅವು ಗಂಗೂಬಾಯಿ ಹಾನಗಲ್ ಅವರವು. ಅವುಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಕಂಠ. ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ಅವರ ದನಿ ಗಂಭೀರವಾಯಿತು. ನಾಡು ಬಲ್ಲದ್ದು ಆ ಗಂಭೀರ ದನಿಯನ್ನೇ. 2009ರಲ್ಲಿ ಅವರು ಅಗಲಿದರು. ಅವರ ಮೊದಲಿನ ಕಂಠವನ್ನು ಇಂದು ಕೇಳಬೇಕಾದರೆ ಆ ತಟ್ಟೆಗಳೇ ಆಧಾರ. ಹೆಸರನ್ನು ಗುರುತಿಸಲಾರದವರ ಕೈಯಲ್ಲಿ ಅಂತಹ ತಟ್ಟೆ ಒಡೆದರೆ ಹೋಗುವುದು ಬರಿಯ ಅರಗಲ್ಲ, ಕಲಾವಿದೆಯ ಬಾಳಿನ ಒಂದು ಅಧ್ಯಾಯ.

ಆದುದರಿಂದ ದೊರೆತುದನ್ನು ಬೀಗದೊಳಗಿಟ್ಟವನಿಗಿಂತ ಹಂಚಿಕೊಂಡವನೇ ನಿಜವಾದ ಸಂಗ್ರಾಹಕ. 1990ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಭಾರತೀಯ ಧ್ವನಿಮುದ್ರಿಕಾ ಸಂಗ್ರಾಹಕರ ಸಂಘವು ತನ್ನ ಪತ್ರಿಕೆಯ ಮೂಲಕ ಚದುರಿದ ಮಾಹಿತಿಯನ್ನು ಕಲೆಹಾಕಿದುದು ಈ ದಾರಿಯ ಕೆಲಸ. ತಟ್ಟೆಯಲ್ಲಿರುವ ಗಾಯನವನ್ನು ಗಣಕಯಂತ್ರಕ್ಕೆ ಇಳಿಸಿಕೊಂಡರೆ ಮೂಲವು ಸವೆಯದೆ ಉಳಿಯುತ್ತದೆ, ಗಾಯನವು ಹತ್ತು ಜನರಿಗೆ ತಲುಪುತ್ತದೆ.

ಎಷ್ಟೋ ಹಳೆಯ ಮನೆಗಳ ಅಟ್ಟಗಳಲ್ಲಿ ಇಂತಹ ತಟ್ಟೆಗಳು ಇನ್ನೂ ಇದ್ದಾವು. ಅವನ್ನು ಒಂದರ ಮೇಲೊಂದು ಹೇರದೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಬೇಕು. ಬಿಸಿಲು ತಾಗದಂತೆ ಕಾಯಬೇಕು. ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಎಂದಿಗೂ ಒರೆಸಬಾರದು, ಅರಗು ಅದರಲ್ಲಿ ಕರಗಿಹೋಗುತ್ತದೆ. ಗುಜರಿಗೆ ಕೊಡುವ ಮುನ್ನ ಬಲ್ಲವರೊಬ್ಬರಿಗೆ ತೋರಿಸಿದರೆ, ಮರೆತುಹೋದ ಕಂಠವೊಂದು ಮತ್ತೆ ಕೇಳಿಬರಬಹುದು.