ಪರದೆ ಕಪ್ಪಾದರೆ ಎದೆಗುಂದಬೇಡಿ



ಕಂಪ್ಯೂಟರಿನ ಒಂದು ಬಿಡಿಭಾಗದ ಬಗ್ಗೆ ಇಂದು ನಿಮಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದು ಗ್ರಾಫಿಕ್ಸ್ ಕಾರ್ಡ್. ಪರದೆಯ ಮೇಲೆ ಕಾಣುವ ಅಕ್ಷರ, ಚಿತ್ರಗಳನ್ನೆಲ್ಲ ಸಿದ್ಧಪಡಿಸಿ ಕಳುಹಿಸುವುದು ಅದರ ಕೆಲಸ. ನಾನು ಎಂಜಿನಿಯರ್ ಅಲ್ಲ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಆದರೂ ಈ ವಿಷಯಕ್ಕೆ ಕೈಹಾಕಲು ಕಾರಣವಿದೆ.

ಕಾಸರಗೋಡಿನ ಹತ್ತಿರ ನನ್ನ ತಂಗಿಯ ಮಗನದೊಂದು ಡಿಟಿಪಿ ಅಂಗಡಿ ಇದೆ. ಮದುವೆಯ ಕಾಗದ, ಬಯಲಾಟದ ಕರಪತ್ರ, ಶಾಲೆಯ ವಾರ್ಷಿಕೋತ್ಸವದ ಆಮಂತ್ರಣ ಎಲ್ಲವನ್ನೂ ಕನ್ನಡದಲ್ಲಿ ಮಾಡಿಕೊಡುತ್ತಾನೆ. ಒಂದು ವರ್ಷ ಮದುವೆಯ ಕಾಲದಲ್ಲೇ ಅವನ ಕಂಪ್ಯೂಟರ್ ಕೈಕೊಟ್ಟಿತು. ಮೊದಲು ದೊಡ್ಡ ಚಿತ್ರ ತೆರೆದಾಗ ಮಾತ್ರ ಪರದೆ ಕಪ್ಪಾಗುತ್ತಿತ್ತು. ಮತ್ತೊಂದು ದಿನ ಬೆಳಿಗ್ಗೆ ಏನೂ ಬರಲೇ ಇಲ್ಲ. "ಕಾರ್ಡ್ ಹೋಯಿತಂತೆ ಮಾವ, ಹೊಸದಕ್ಕೆ ಇಪ್ಪತ್ತು ಸಾವಿರದ ಮೇಲೆ ಬೇಕಂತೆ" ಎಂದು ಸಪ್ಪೆ ಮುಖ ಮಾಡಿಕೊಂಡು ಬಂದ.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಯಾರನ್ನೂ ಕಳ್ಳ ಎನ್ನುತ್ತಿರಲಿಲ್ಲ. ಒಂದೊಂದೇ ವೋಚರ್ ನೋಡುತ್ತ ಹೋಗುತ್ತಿದ್ದೆವು. ಇಲ್ಲಿಯೂ ಅದೇ ಕ್ರಮ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ತಪ್ಪು ಎಲ್ಲಿತ್ತೆಂದು ತಿಳಿಯುವುದೇ ಇಲ್ಲ.

ಮೊದಲು ಪರದೆಯ ಕೇಬಲ್ ನೋಡಿ. ಪೆಟ್ಟಿಗೆಯ ಹಿಂದೆ ಪರದೆಗೆಂದು ಎರಡು ಕಡೆ ಕಿಂಡಿಗಳಿರಬಹುದು. ಯುಎಸ್‌ಬಿ ಕಿಂಡಿಗಳ ಪಕ್ಕದಲ್ಲಿರುವುದು ಮದರ್‌ಬೋರ್ಡಿನದು. ಸಾಮಾನ್ಯವಾಗಿ ಅದರ ಕೆಳಗೆ ಬೇರೆಯಾಗಿ ಅಡ್ಡಸಾಲಿನಲ್ಲಿರುವುದು ಕಾರ್ಡಿನದು. ಕೇಬಲ್ ಕಾರ್ಡಿಗೇ ಸಿಕ್ಕಿಸಿದೆಯೇ ಖಚಿತಪಡಿಸಿಕೊಳ್ಳಿ. ಸಾಧ್ಯವಾದರೆ ಬೇರೆ ಕೇಬಲ್ ಹಾಕಿಯೂ ನೋಡಿ.

ಎರಡನೆಯದು, ಕಾರ್ಡ್ ಸರಿಯಾಗಿ ಕೂತಿದೆಯೇ ಎಂಬುದು. ಗೋಡೆಯ ಪ್ಲಗ್ ಕಿತ್ತು, ಆನ್ ಮಾಡುವ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಪೆಟ್ಟಿಗೆಯ ಬರಿ ಲೋಹವನ್ನು ಮುಟ್ಟಿ, ಮೈಯಲ್ಲಿರುವ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಳ್ಳಿ. ಆಮೇಲೆ ಸ್ಕ್ರೂ ಬಿಚ್ಚಿ, ಸ್ಲಾಟಿನ ತುದಿಯ ಕೊಕ್ಕೆಯನ್ನು ಒತ್ತಿ, ಕಾರ್ಡನ್ನು ಅಂಚಿನಲ್ಲಿ ಹಿಡಿದು ತೆಗೆಯಿರಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ಅದರ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಕೊಳೆ ಕೂರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಕೊಕ್ಕೆ ಟಿಕ್ ಎನ್ನುವವರೆಗೆ ಕೂರಿಸಿ. ವಿದ್ಯುತ್ ಪೂರೈಸುವ ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಮೂರನೆಯದು ವಿದ್ಯುತ್ತಿನ ವೈರು. ಸ್ಲಾಟಿನಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್. ಅದು ಸಾಲದ ಕಾರ್ಡುಗಳಿಗೆ ಬೇರೆ ವೈರು ಬೇಕು. 6 ಪಿನ್ನಿನ ಪ್ಲಗ್ 75 ವ್ಯಾಟ್, 8 ಪಿನ್ನಿನದು 150 ವ್ಯಾಟ್ ಕೊಡಬಲ್ಲದು. ಪ್ರೊಸೆಸರಿಗೂ 8 ಪಿನ್ನಿನ ಪ್ಲಗ್ ಇರುತ್ತದೆ. ನೋಡಲು ಒಂದೇ ತರಹವಾದರೂ ಒಳಗಿನ ಜೋಡಣೆ ಬೇರೆ. ಬಲವಂತವಾಗಿ ತುರುಕಿದರೆ ಕಾರ್ಡ್ ಸುಟ್ಟೀತು. 2022ರಿಂದ ಬಂದ ಕೆಲವು ದೊಡ್ಡ ಕಾರ್ಡುಗಳಲ್ಲಿ 600 ವ್ಯಾಟಿನವರೆಗೆ ಕೊಡಬಲ್ಲ 16 ಪಿನ್ನಿನ ಪ್ಲಗ್ ಇದೆ. ಅದು ಪೂರ್ತಿ ಒಳಗೆ ಹೋಗದೆ ಕರಗಿದ್ದೂ ಉಂಟು.

ನಮ್ಮ ಹುಡುಗನ ಅಂಗಡಿಯ ಕತೆಯೂ ಇದೇ ಆಗಿತ್ತು. ಎರಡು ತಿಂಗಳ ಹಿಂದೆ ಧೂಳು ತೆಗೆಸಿದಾಗ 6 ಪಿನ್ನಿನ ಪ್ಲಗ್ಗನ್ನು ಅರ್ಧ ಮಾತ್ರ ಒತ್ತಿದ್ದರು. ಕೆಲಸ ಹೆಚ್ಚಾದಾಗ ವಿದ್ಯುತ್ ಸಾಲದೆ ಪರದೆ ಕಪ್ಪಾಗುತ್ತಿತ್ತು. ಪ್ಲಗ್ ಮೆಲ್ಲಗೆ ಸಡಿಲಾಗುತ್ತ ಕೊನೆಗೆ ಕಳಚಿಯೇ ಹೋಗಿತ್ತು. ಪ್ಲಗ್ ಸುಟ್ಟು ಕಂದಿಲ್ಲವೆಂದು ನೋಡಿಕೊಂಡು ಗಟ್ಟಿಯಾಗಿ ಒತ್ತಿದೆವು. ಪರದೆ ಬೆಳಗಿತು. ಖರ್ಚು ಏನೂ ಇಲ್ಲ.

ಎಲ್ಲರಿಗೂ ಇಷ್ಟು ಸುಲಭದಲ್ಲಿ ಮುಗಿಯದು. ಹಾಗಾದರೆ ಮದರ್‌ಬೋರ್ಡಿನಲ್ಲಿರುವ ನಾಣ್ಯದಂಥ ಬ್ಯಾಟರಿಯನ್ನು, ಗೋಡೆಯ ಪ್ಲಗ್ ಕಿತ್ತಿರುವಾಗಲೇ, ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ಬಯೋಸ್ ಎಂಬ ಮೂಲ ವ್ಯವಸ್ಥೆ ಮೊದಲಿನ ಸ್ಥಿತಿಗೆ ಬರುತ್ತದೆ. ಆಗಲೂ ಕಾರ್ಡ್ ಕಾಣದಿದ್ದರೆ ಅದನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ ನೋಡಿ. ಅಲ್ಲಿ ನಡೆದರೆ ತಪ್ಪು ನಿಮ್ಮ ಪೆಟ್ಟಿಗೆಯಲ್ಲಿದೆ. ಅಲ್ಲಿಯೂ ನಡೆಯದಿದ್ದರೆ ಕಾರ್ಡಿನಲ್ಲೇ ದೋಷ. ಹೊಸ ಕಾರ್ಡಿಗೆ ದುಡ್ಡು ಎಣಿಸುವ ಮೊದಲು ರಿಪೇರಿಯವರಲ್ಲಿ ಈ ಪರೀಕ್ಷೆ ಮಾಡಿಸಿಯೇ ತೀರಿ.

ಇನ್ನು, ಕಾರ್ಡ್ ಕಾಣುತ್ತದೆ, ಆದರೆ ನಡುನಡುವೆ ನಿಂತುಹೋಗುತ್ತದೆ ಎನ್ನುವವರಿಗೆ. ಇದಕ್ಕೆ ವಿದ್ಯುತ್ ಕೊರತೆಯಲ್ಲದೆ ಮುಖ್ಯ ಕಾರಣ ಎರಡು: ಬಿಸಿ ಮತ್ತು ಡ್ರೈವರ್. ವಿಂಡೋಸ್ 10 ಅಥವಾ 11ರ ಟಾಸ್ಕ್ ಮ್ಯಾನೇಜರಿನಲ್ಲಿ ಕಾರ್ಡಿನ ಉಷ್ಣತೆಯನ್ನು ಸಾಮಾನ್ಯವಾಗಿ ನೋಡಬಹುದು. 90 ಡಿಗ್ರಿ ದಾಟುತ್ತಿದ್ದರೆ ಧೂಳು ತುಂಬಿದೆ ಅಥವಾ ಫ್ಯಾನ್ ನಿಂತಿದೆ ಎಂದು ಸಂಶಯಪಡಿ. ಗಾಳಿ ಹಾಯಿಸಿ ಧೂಳು ತೆಗೆಯುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಿರ್ರನೆ ತಿರುಗಿದರೆ ಅದಕ್ಕೆ ಹಾನಿ.

ಡ್ರೈವರ್ ಎಂದರೆ ವಿಂಡೋಸಿಗೂ ಕಾರ್ಡಿಗೂ ನಡುವಿನ ದುಭಾಷಿ. ಕಾರ್ಡ್ 2 ಸೆಕೆಂಡು ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ಮತ್ತೆ ಎಬ್ಬಿಸಲು ನೋಡುತ್ತದೆ. ಪರದೆ ಒಮ್ಮೆ ಕಪ್ಪಾಗಿ ಮರಳುವುದಕ್ಕೆ ಇದೊಂದು ಕಾರಣ. ಹೊಸ ಡ್ರೈವರ್ ಹಾಕಿದ ಮೇಲೆ ತೊಂದರೆ ಶುರುವಾಗಿದ್ದರೆ ಹಳೆಯದಕ್ಕೆ ಮರಳಿ. ಇಲ್ಲವಾದರೆ ಇದ್ದುದನ್ನು ತೆಗೆದು, ಕಾರ್ಡ್ ತಯಾರಕರ ತಾಣದಿಂದಲೇ ಇಳಿಸಿಕೊಂಡು ಹಾಕಿ. ಆದರೆ ವಿಂಡೋಸ್ ಬರುವ ಮೊದಲೇ ಪರದೆಯಲ್ಲಿ ಬಣ್ಣಬಣ್ಣದ ಚೌಕಗಳು ಮೂಡುತ್ತಿದ್ದರೆ ಡ್ರೈವರನ್ನು ದೂರಬೇಡಿ. ಹೆಚ್ಚಾಗಿ ಅದು ಕಾರ್ಡಿನ ಸ್ಮರಣೆಯ ಚಿಪ್ಪಿನ ದೋಷ.

ಕೆಟ್ಟ ಕಾರ್ಡನ್ನು ಓವನ್ನಿನಲ್ಲಿಟ್ಟು ಕಾಯಿಸಿದರೆ ಸರಿಯಾಗುತ್ತದೆ ಎಂದು ಹೇಳುವವರಿದ್ದಾರೆ. ನಾಲ್ಕು ದಿನ ನಡೆದರೂ ನಡೆದೀತು, ಅದು ಶಾಶ್ವತವಲ್ಲ. ಅದರಿಂದ ಏಳುವ ವಿಷದ ಹೊಗೆ ಅಡುಗೆಮನೆಗೆ ತರವಲ್ಲ.

ಕೊನೆಯದಾಗಿ ಬಹಳ ಮುಖ್ಯವಾದ ಮಾತು. ನಿಮ್ಮ ಕಡತಗಳಿರುವುದು ಹಾರ್ಡ್ ಡಿಸ್ಕಿನಲ್ಲಿ, ಗ್ರಾಫಿಕ್ಸ್ ಕಾರ್ಡಿನಲ್ಲಲ್ಲ. ಕಾರ್ಡ್ ಕೆಟ್ಟರೆ ಉಳಿಸಿಟ್ಟ ಕಡತಗಳು ಹೋಗುವುದಿಲ್ಲ. ಪರದೆ ಕಪ್ಪಾಯಿತೆಂದು ಯಾರಾದರೂ ಡಿಸ್ಕನ್ನೇ ಅಳಿಸಲು ಹೊರಟರೆ ತಡೆಯಿರಿ. ನಿಮ್ಮ ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಕಾರ್ಡ್ ತೆಗೆದು, ಪರದೆಯ ಕೇಬಲನ್ನು ಮದರ್‌ಬೋರ್ಡಿಗೆ ಸಿಕ್ಕಿಸಿ ಅಂದಿನ ಕೆಲಸ ಮುಗಿಸಬಹುದು.

ಆ ವರ್ಷ ಹಿಡಿದಿದ್ದ ಮದುವೆಯ ಕಾಗದಗಳನ್ನೆಲ್ಲ ನಮ್ಮ ಹುಡುಗ ಹೇಳಿದ ದಿನಕ್ಕೇ ಕೊಟ್ಟ. ನಿಮ್ಮ ಪರದೆಯೂ ಬೇಗ ಬೆಳಗಲಿ.